ಮಲಾವಿಯ ಹಳ್ಳಿಗಳಿಗೆ ಸೇವೆಗೆ ಹೊರಡುವವರಿಗೆ ಮಾರ್ಗದರ್ಶಿ

ಚರ್ಚು, ಆಶ್ರಮ ಅಥವಾ ಸೇವಾಸಂಸ್ಥೆಯೊಂದರ ಮೂಲಕ ಹೊರದೇಶದ ಹಳ್ಳಿಗಾಡಿನಲ್ಲಿ ಒಂದೆರಡು ವರ್ಷ ದುಡಿದು ಬರಬೇಕೆಂಬ ಆಸೆಯುಳ್ಳವರು ನಮ್ಮಲ್ಲಿ ಅನೇಕರಿದ್ದಾರೆ. ಅವರಲ್ಲಿ ನಿವೃತ್ತ ನರ್ಸುಗಳಿದ್ದಾರೆ, ಕೊಳವೆಬಾವಿ ಮೆಕ್ಯಾನಿಕ್‌ಗಳಿದ್ದಾರೆ, ಶಿಕ್ಷಕ ದಂಪತಿಗಳಿದ್ದಾರೆ, ಆಗತಾನೇ ಓದು ಮುಗಿಸಿದ ಯುವಕ ಯುವತಿಯರೂ ಇದ್ದಾರೆ. ಆಸೆ ಒಳ್ಳೆಯದೇ, ಆದರೆ ಅದೊಂದನ್ನೇ ನೆಚ್ಚಿಕೊಂಡು ಹೊರಟವರು ಅಲ್ಲಿನ ಜನರಿಗೆ ನೆರವಾಗುವುದಕ್ಕಿಂತ ಹೊರೆಯಾಗುವುದೇ ಹೆಚ್ಚು. ಎಲ್ಲ ದೇಶಗಳಿಗೂ ಹೊಂದುವ ಸಾಮಾನ್ಯ ಸಲಹೆಗಳಿಂದ ಹೆಚ್ಚಿನ ಪ್ರಯೋಜನವಿಲ್ಲವಾದ್ದರಿಂದ, ಆಗ್ನೇಯ ಆಫ್ರಿಕಾದ ಮಲಾವಿ ಎಂಬ ಒಂದೇ ದೇಶವನ್ನು ಮುಂದಿಟ್ಟುಕೊಂಡು ಈ ಲೇಖನ ಬರೆದಿದ್ದೇನೆ. ನಾನು ಒತ್ತಿ ಹೇಳಬೇಕೆಂದಿರುವುದು ಒಂದೇ ಮಾತು: ನೀವು ಮರಳಿ ಬಂದ ಮೇಲೂ ಆ ಊರಿನವರೇ ನಡೆಸಿಕೊಂಡು ಹೋಗಬಲ್ಲ ಕೆಲಸವನ್ನು ಮಾತ್ರ ಕೈಗೆತ್ತಿಕೊಳ್ಳಿ. ಮುಂದಿನ ಸಲಹೆಗಳೆಲ್ಲ ಈ ಮಾತಿನಿಂದ ಹುಟ್ಟಿದವು.

ಮೊದಲು ದೇಶದ ಚರಿತ್ರೆ ಓದಿ

ಮಲಾವಿಗೆ ಸಮುದ್ರವಿಲ್ಲ. ಮೊಜಾಂಬಿಕ್, ಜಾಂಬಿಯಾ ಮತ್ತು ಟಾಂಜಾನಿಯಾಗಳ ನಡುವೆ ಉದ್ದಕ್ಕೆ ಚಾಚಿಕೊಂಡ ಈ ದೇಶದ ಪೂರ್ವ ಅಂಚಿನಲ್ಲಿ ಮಲಾವಿ ಸರೋವರ ಹರಡಿಕೊಂಡಿದೆ. ನ್ಯಾಸಾಲ್ಯಾಂಡ್ ಎಂಬ ಹೆಸರಿನಲ್ಲಿ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಅದು 1964ರ ಜುಲೈ 6ರಂದು ಸ್ವತಂತ್ರವಾಯಿತು. ರಾಜಧಾನಿ ಲಿಲಾಂಗ್ವೆ, ವ್ಯಾಪಾರದ ದೊಡ್ಡ ನಗರ ದಕ್ಷಿಣದ ಬ್ಲಾಂಟೈರ್. ಜನರಲ್ಲಿ ಬಹುಪಾಲು ಹಳ್ಳಿಗಳಲ್ಲಿದ್ದು ಮೆಕ್ಕೆಜೋಳ ಬೆಳೆದು ಬದುಕುತ್ತಾರೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆ, ಏಪ್ರಿಲ್–ಮೇ ಹೊತ್ತಿಗೆ ಕೊಯ್ಲು. ಹಳೆಯ ದಾಸ್ತಾನು ಮುಗಿದು ಹೊಸ ಬೆಳೆ ಕೈಗೆ ಬಾರದಿರುವ ಜನವರಿಯಿಂದ ಮಾರ್ಚ್‌ವರೆಗಿನ ತಿಂಗಳುಗಳು ಬಡ ಮನೆಗಳಿಗೆ ಹಸಿವಿನ ಕಾಲ. ಸಭೆ, ತರಬೇತಿ, ಕಟ್ಟಡ ಕೆಲಸ ಯಾವುದನ್ನೇ ಆಗಲಿ ಈ ಪಂಚಾಂಗಕ್ಕೆ ಹೊಂದಿಸಿಕೊಳ್ಳಬೇಕು. ಉಳುಮೆ ಮತ್ತು ಕಳೆ ತೆಗೆಯುವ ದಿನಗಳಲ್ಲಿ ಹಳ್ಳಿಯವರನ್ನು ತರಬೇತಿಗೆ ಕರೆದರೆ, ಅವರು ಮರ್ಯಾದೆಗೆ ಬಂದು ಕುಳಿತರೂ ನಷ್ಟ ಅವರ ಹೊಲಕ್ಕೇ.

ಮಿಷನರಿಗಳ ಹಳೆಯ ಕಥೆಯನ್ನೂ ತಿಳಿದುಕೊಂಡೇ ಹೋಗಬೇಕು. ಸ್ಕಾಟ್ಲೆಂಡಿನ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ ಈ ಸರೋವರವನ್ನು ತಲುಪಿದ್ದು 1859ರಲ್ಲಿ. ಅವನ ನಂತರ 1875ರಲ್ಲಿ ಲಿವಿಂಗ್‌ಸ್ಟೋನಿಯಾ ಮಿಷನ್, 1876ರಲ್ಲಿ ಬ್ಲಾಂಟೈರ್ ಮಿಷನ್ ಸ್ಕಾಟ್ಲೆಂಡಿನವರಿಂದ ಆರಂಭವಾದವು. ಶಾಲೆ, ಆಸ್ಪತ್ರೆ, ಅಚ್ಚುಕೂಟಗಳು ಅವರಿಂದ ಬಂದವು. ಗುಲಾಮರ ವ್ಯಾಪಾರವನ್ನು ಅವರು ವಿರೋಧಿಸಿದರು. ಆದರೆ ಕಥೆಗೆ ಇನ್ನೊಂದು ಮುಖವೂ ಇದೆ. ಅಮೆರಿಕದಲ್ಲಿ ಓದಿ ಬಂದು ತನ್ನದೇ ಮಿಷನ್ ಕಟ್ಟಿದ್ದ ಮಲಾವಿಯ ಪಾದ್ರಿ ಜಾನ್ ಚಿಲೆಂಬ್ವೆ 1915ರ ಜನವರಿಯಲ್ಲಿ ಬಂಡೆದ್ದ. ಬಿಳಿಯ ಮಾಲೀಕರ ತೋಟಗಳಲ್ಲಿ ಬಾಡಿಗೆಯ ಬದಲಿಗೆ ದುಡಿಸಿಕೊಳ್ಳುತ್ತಿದ್ದ ‘ಥಂಗಾಟ’ ಪದ್ಧತಿ ಆ ಬಂಡಾಯದ ಕಾರಣಗಳಲ್ಲಿ ಮುಖ್ಯವಾದದ್ದು. ಬಂಡಾಯಗಾರರು ಮೊದಲು ಎರಗಿದ ಮಗೊಮೆರೊ ತೋಟ ಲಿವಿಂಗ್‌ಸ್ಟನ್ನನ ಮೊಮ್ಮಗನ ಕುಟುಂಬಕ್ಕೆ ಸೇರಿದ್ದಾಗಿತ್ತು. ಜನವರಿ 15 ಇಂದು ಆ ದೇಶದಲ್ಲಿ ಚಿಲೆಂಬ್ವೆ ದಿನ, ಸಾರ್ವಜನಿಕ ರಜೆ. ಧರ್ಮದ ಹೆಸರಿನಲ್ಲಿ ಬಂದ ಹೊರಗಿನವರ ಬಗ್ಗೆ ಅಲ್ಲಿನವರ ನೆನಪಿನಲ್ಲಿ ಕೃತಜ್ಞತೆ ಮತ್ತು ಗಾಯ ಎರಡೂ ಒಟ್ಟಿಗೆ ಇವೆ.

ಕನ್ನಡ ನಾಡಿನಿಂದ ಹೋಗುವವರಿಗೆ ಇದು ಅರ್ಥವಾಗದ ವಿಷಯವೇನಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರನ್ನು ಬರಮಾಡಿಕೊಂಡವರು ನಾವು. 1843ರ ‘ಮಂಗಳೂರು ಸಮಾಚಾರ’, 1865ರ ಹೆಂಚಿನ ಕಾರ್ಖಾನೆ, 1894ರ ಕಿಟ್ಟೆಲ್ ನಿಘಂಟು ನಮ್ಮಲ್ಲಿ ಉಳಿದವು. ಮತಾಂತರ, ಜಾತಿ ಮತ್ತು ವಸಾಹತು ಆಡಳಿತದೊಂದಿಗಿನ ಸಂಬಂಧ ಕುರಿತ ಪ್ರಶ್ನೆಗಳೂ ಉಳಿದವು. ಜರ್ಮನಿಯಿಂದ ಬಂದ ಕಿಟ್ಟೆಲ್ ಇಲ್ಲಿ ಹಲವು ದಶಕ ಭಾಷೆಯ ಕೆಲಸ ಮಾಡಿದ್ದರಿಂದಲೇ ಇಂದಿಗೂ ಎಲ್ಲ ಮತದವರು ಅವರನ್ನು ತಮ್ಮವರೆನ್ನುತ್ತಾರೆ. ಸೇವೆ ಪಡೆಯುವವರ ಕಡೆಯಿಂದ ಮಿಷನರಿಯೊಬ್ಬ ಹೇಗೆ ಕಾಣುತ್ತಾನೆ ಎಂಬುದು ನಮಗೆ ಗೊತ್ತಿರುವಷ್ಟು ಯುರೋಪಿನಿಂದ ಹೋಗುವವರಿಗೆ ಗೊತ್ತಿರಲಾರದು. ಆ ಅರಿವನ್ನು ಜೊತೆಗೆ ಒಯ್ಯಿರಿ.

ಕರೆದವರು ಯಾರೆಂದು ಖಚಿತಪಡಿಸಿಕೊಳ್ಳಿ

ಸ್ಥಳೀಯ ಸಂಸ್ಥೆಯೊಂದು ತನಗೆ ಬೇಕೆಂದು ಕರೆಯದೆ ಹೋಗಬೇಡಿ. ನಮ್ಮ ಕಡೆಯ ಸಂಸ್ಥೆ ಕಳಿಸುತ್ತಿದೆ ಎಂಬುದು ಸಾಲದು. ಅಲ್ಲಿನ ಪಾಲುದಾರರು ಯಾರು, ನಿಮ್ಮ ಮೇಲಧಿಕಾರಿ ಯಾರು, ನಿಮ್ಮ ಜೊತೆ ಕೆಲಸ ಕಲಿಯುವ ಸ್ಥಳೀಯ ವ್ಯಕ್ತಿ ಯಾರು ಎಂಬ ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಿರಿ. ಮೂರನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ನೀವು ಹೋಗುತ್ತಿರುವುದು ಯಾರದೋ ಕೆಲಸವನ್ನು ಕಿತ್ತುಕೊಳ್ಳಲಿಕ್ಕೆ ಅಥವಾ ನಿಮ್ಮೊಂದಿಗೇ ಮುಗಿದುಹೋಗುವ ಕೆಲಸವೊಂದನ್ನು ಮಾಡಲಿಕ್ಕೆ ಎಂದು ತಿಳಿಯಬಹುದು.

ಮಲಾವಿಯ ಆರೋಗ್ಯ ಸೇವೆಯಲ್ಲಿ ಚರ್ಚುಗಳ ಪಾಲು ದೊಡ್ಡದು. ಅವುಗಳ ಆಸ್ಪತ್ರೆಗಳು ಕ್ರಿಶ್ಚಿಯನ್ ಹೆಲ್ತ್ ಅಸೋಸಿಯೇಷನ್ ಆಫ್ ಮಲಾವಿ ಎಂಬ ಒಕ್ಕೂಟದ ಅಡಿಯಲ್ಲಿ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡು ನಡೆಯುತ್ತವೆ. ವೈದ್ಯರಾಗಿದ್ದರೆ ಮಲಾವಿಯ ವೈದ್ಯಕೀಯ ಮಂಡಳಿಯಲ್ಲಿ, ನರ್ಸ್ ಆಗಿದ್ದರೆ ನರ್ಸುಗಳ ಮತ್ತು ಸೂಲಗಿತ್ತಿಯರ ಮಂಡಳಿಯಲ್ಲಿ ನೋಂದಣಿ ಆಗದೆ ರೋಗಿಯನ್ನು ಮುಟ್ಟಬಾರದು. ಇಲ್ಲಿ ಮೂವತ್ತು ವರ್ಷ ಅನುಭವವಿದ್ದರೂ ಈ ನಿಯಮಕ್ಕೆ ವಿನಾಯಿತಿ ಕೇಳುವುದು ತಪ್ಪು. ವೈದ್ಯಕೀಯ ತರಬೇತಿ ಇಲ್ಲದವರು ‘ಅಲ್ಲಿ ಯಾರೂ ಇಲ್ಲ, ಆದ್ದರಿಂದ ನಾನೇ ಗಾಯ ಹೊಲಿದೆ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ನಮ್ಮ ಮಕ್ಕಳ ಮೇಲೆ ಮಾಡಲು ಬಿಡದ ಪ್ರಯೋಗವನ್ನು ಬಡವರ ಮಕ್ಕಳ ಮೇಲೆ ಮಾಡುವುದು ಸೇವೆಯಲ್ಲ.

ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸಕ್ಕೆ ನಿಲ್ಲಬೇಡಿ. ಸಂಬಳವಿಲ್ಲದ ಸೇವೆಗೂ ಯಾವ ಪರವಾನಗಿ ಬೇಕೆಂಬುದನ್ನು ಪಾಲುದಾರ ಸಂಸ್ಥೆ ಅಲ್ಲಿನ ವಲಸೆ ಇಲಾಖೆಯಿಂದ ತಿಳಿದುಕೊಂಡು ಮೊದಲೇ ಅರ್ಜಿ ಹಾಕಬೇಕು. ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಮಾಡಿಸಿಟ್ಟುಕೊಳ್ಳಿ. ಮಕ್ಕಳ ನಡುವೆ ಕೆಲಸ ಮಾಡುವವರಿಂದ ಅದನ್ನು ಕೇಳದ ಸಂಸ್ಥೆಯ ಬಗ್ಗೆಯೇ ಅನುಮಾನ ಪಡಬೇಕು. ತಲುಪಿದ ವಾರದಲ್ಲೇ ಲಿಲಾಂಗ್ವೆಯ ಭಾರತೀಯ ಹೈಕಮಿಷನ್ನಿಗೆ ನಿಮ್ಮ ವಿಳಾಸ ಮತ್ತು ದೂರವಾಣಿ ಸಂಖ್ಯೆ ಕೊಡಿ.

ಹಣದ ವಿಷಯದಲ್ಲಿ ಒಂದು ಎಚ್ಚರಿಕೆ. ಭಾರತದ ಧರ್ಮಾರ್ಥ ಟ್ರಸ್ಟೊಂದು ತನ್ನ ಹಣವನ್ನು ದೇಶದ ಹೊರಗೆ ಖರ್ಚು ಮಾಡಿದರೆ, ಪ್ರತ್ಯೇಕ ಅನುಮೋದನೆ ಇಲ್ಲದ ಹೊರತು ಆ ಮೊತ್ತಕ್ಕೆ ತೆರಿಗೆ ವಿನಾಯಿತಿ ಸಾಮಾನ್ಯವಾಗಿ ಸಿಗುವುದಿಲ್ಲ. ಊರಿನಲ್ಲಿ ಚಂದಾ ಎತ್ತುವ ಮೊದಲೇ ಟ್ರಸ್ಟಿನ ಆಡಿಟರ್ ಜೊತೆ ಕೂತು ಮಾತಾಡಿ.

ಧರ್ಮವನ್ನೂ ನೆರವನ್ನೂ ಬೆರೆಸಬೇಡಿ

ಧರ್ಮಸಂಸ್ಥೆಯ ಮೂಲಕ ಹೋಗುವವರಿಗೆ ಇದು ಎಲ್ಲಕ್ಕಿಂತ ಸೂಕ್ಷ್ಮವಾದ ಹೆಜ್ಜೆ. ರೆಡ್‌ಕ್ರಾಸ್ ಚಳವಳಿ ಮತ್ತು ನೆರವು ಸಂಸ್ಥೆಗಳು 1994ರಲ್ಲಿ ಒಪ್ಪಿಕೊಂಡ ನಡತೆಯ ಸಂಹಿತೆಯಲ್ಲಿ ಹತ್ತು ಸೂತ್ರಗಳಿವೆ. ಜನಾಂಗ, ಮತ, ರಾಷ್ಟ್ರೀಯತೆ ನೋಡದೆ ಅಗತ್ಯವನ್ನಷ್ಟೇ ನೋಡಿ ನೆರವು ಕೊಡಬೇಕು. ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವನ್ನು ಮುಂದೊತ್ತಲು ನೆರವನ್ನು ಬಳಸಬಾರದು ಎಂಬಿವು ಅವುಗಳಲ್ಲಿ ಸೇರಿವೆ. ಇದರಿಂದ ನಿಮ್ಮ ನಂಬಿಕೆಗೇನೂ ಧಕ್ಕೆಯಿಲ್ಲ. ನೀವು ಪ್ರಾರ್ಥಿಸಬಹುದು, ಭಾನುವಾರ ಅಲ್ಲಿನ ಚರ್ಚಿಗೆ ಹೋಗಬಹುದು, ಯಾಕೆ ಬಂದಿರಿ ಎಂದು ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳಬಹುದು. ಆದರೆ ಮೆಕ್ಕೆಜೋಳದ ಚೀಲ ಹಂಚುವ ಸಾಲಿನ ಮುಂದೆ ಪ್ರವಚನ ಇಟ್ಟುಕೊಳ್ಳಬಾರದು. ಸಭೆಗೆ ಬಂದವರ ಪಟ್ಟಿಯನ್ನು ಫಲಾನುಭವಿಗಳ ಪಟ್ಟಿಯಾಗಿ ಬಳಸಬಾರದು.

ಮಲಾವಿಯಲ್ಲಿ ಬಹುಸಂಖ್ಯಾತರು ಕ್ರೈಸ್ತರು. ಸರೋವರದ ದಕ್ಷಿಣ ತೀರದ ಮಂಗೊಚಿ ಮತ್ತು ಮಚಿಂಗಾ ಕಡೆಯ ಯಾವೊ ಜನರಲ್ಲಿ ಹೆಚ್ಚಿನವರು ಮುಸ್ಲಿಮರು. ಒಂದೇ ಹಳ್ಳಿಯಲ್ಲಿ ಎರಡೂ ಮತದವರು ಒಂದೇ ಪಂಪಿನ ನೀರು ಕುಡಿಯುತ್ತಾರೆ, ಒಬ್ಬರ ಮನೆಯ ಸಾವಿಗೆ ಇನ್ನೊಬ್ಬರು ಹೋಗುತ್ತಾರೆ. ಹೊರಗಿನಿಂದ ಬಂದವರು ತಮ್ಮ ಪಟ್ಟಿಗಳಿಂದ ಆ ಬಾಳ್ವೆಯನ್ನು ಒಡೆಯಬಾರದು.

ಆರೋಗ್ಯದ ಸಿದ್ಧತೆ

ಇಲ್ಲಿಂದ ಲಿಲಾಂಗ್ವೆಗೆ ಹೋಗುವ ವಿಮಾನಗಳು ಹೆಚ್ಚಾಗಿ ಅಡಿಸ್ ಅಬಾಬಾ ಅಥವಾ ನೈರೋಬಿಯ ಮೂಲಕ ಹೋಗುತ್ತವೆ. ಇಥಿಯೋಪಿಯಾ ಮತ್ತು ಕೀನ್ಯಾ ಹಳದಿ ಜ್ವರದ ಅಪಾಯವಿರುವ ದೇಶಗಳ ಪಟ್ಟಿಯಲ್ಲಿವೆ. ಆದ್ದರಿಂದ ಮಲಾವಿ ಪ್ರವೇಶಿಸುವಾಗಲೂ ಭಾರತಕ್ಕೆ ಮರಳುವಾಗಲೂ ಹಳದಿ ಜ್ವರದ ಲಸಿಕೆಯ ಪತ್ರ ಕೇಳುವ ಸಂಭವವಿದೆ. ಈ ಲಸಿಕೆಯನ್ನು ಕೇಂದ್ರ ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಹಾಕಿಸಿಕೊಂಡು ಹತ್ತು ದಿನ ಕಳೆದ ಮೇಲಷ್ಟೇ ಪತ್ರಕ್ಕೆ ಮಾನ್ಯತೆ ಬರುತ್ತದೆ, ಆಮೇಲೆ ಜೀವಮಾನವಿಡೀ ನಡೆಯುತ್ತದೆ. ಟೈಫಾಯ್ಡ್, ಹೆಪಟೈಟಿಸ್, ಟೆಟನಸ್ ಮತ್ತು ಹುಚ್ಚುನಾಯಿ ರೋಗದ ಲಸಿಕೆಗಳ ಬಗ್ಗೆಯೂ ಹೊರಡುವುದಕ್ಕೆ ಎರಡು ತಿಂಗಳು ಮೊದಲೇ ವೈದ್ಯರನ್ನು ಕೇಳಿ.

ಮಲೇರಿಯಾವನ್ನು ಹಗುರವಾಗಿ ಕಾಣಬೇಡಿ. ನಮ್ಮಲ್ಲಿ ‘ಮಲೇರಿಯಾ ಬಂದು ಹೋಯಿತು’ ಎನ್ನುವ ರೂಢಿಯಿದೆ. ಅಲ್ಲಿ ಹೆಚ್ಚಾಗಿರುವುದು ಫಾಲ್ಸಿಪಾರಂ ಜಾತಿಯದು, ಮೆದುಳಿಗೆ ಏರಿ ಒಂದೆರಡು ದಿನದಲ್ಲಿ ಪ್ರಾಣ ತೆಗೆಯಬಲ್ಲದು. ಕ್ಲೋರೋಕ್ವಿನ್ ಕೆಲಸ ಮಾಡುತ್ತಿಲ್ಲವೆಂದು ಮಲಾವಿ 1993ರಲ್ಲೇ ಆ ಔಷಧಿಯನ್ನು ಕೈಬಿಟ್ಟಿತ್ತು. ಮಕ್ಕಳ ಮಲೇರಿಯಾ ಲಸಿಕೆಯ ಪ್ರಾಯೋಗಿಕ ಬಳಕೆ 2019ರ ಏಪ್ರಿಲ್‌ನಲ್ಲಿ ಜಗತ್ತಿನಲ್ಲೇ ಮೊದಲು ಶುರುವಾದದ್ದೂ ಮಲಾವಿಯಲ್ಲಿಯೇ. ರೋಗದ ಭಾರ ಅಷ್ಟಿದೆ. ವೈದ್ಯರು ಹೇಳಿದ ಮುಂಜಾಗ್ರತೆಯ ಮಾತ್ರೆಗಳನ್ನು ಒಂದು ದಿನವೂ ಬಿಡದೆ ನುಂಗಬೇಕು, ಔಷಧಿ ಲೇಪಿಸಿದ ಸೊಳ್ಳೆಪರದೆಯೊಳಗೆ ಮಲಗಬೇಕು, ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸಬೇಕು.

ಇನ್ನೊಂದು ರೋಗ ನಮ್ಮವರಿಗೆ ಅಪರಿಚಿತ. ಸರೋವರದ ತೀರದಲ್ಲಿ, ಕೆರೆ ತೊರೆಗಳಲ್ಲಿ ಬಸವನಹುಳುಗಳ ಮೂಲಕ ಹರಡುವ ಬಿಲ್ಹಾರ್ಜಿಯಾ ಹುಳುಗಳು ನೀರಿನಲ್ಲಿ ನಿಂತವರ ಚರ್ಮದ ಮೂಲಕವೇ ದೇಹ ಸೇರುತ್ತವೆ. ತಿಳಿನೀರು ಕಂಡು ಈಜಲು ಇಳಿಯಬೇಡಿ. ಭಾರತದಲ್ಲಿ ಈ ರೋಗ ಇಲ್ಲವೆನ್ನುವಷ್ಟು ವಿರಳವಾದ್ದರಿಂದ, ಮರಳಿದ ಮೇಲೆ ಮೂತ್ರದಲ್ಲಿ ರಕ್ತ ಕಂಡರೆ ‘ಮಲಾವಿಯಲ್ಲಿದ್ದೆ’ ಎಂದು ನೀವೇ ವೈದ್ಯರಿಗೆ ಹೇಳಬೇಕಾಗುತ್ತದೆ. ವಿಮೆ ಮಾಡಿಸುವಾಗ, ತೀರಾ ಗಂಭೀರವಾದಾಗ ದಕ್ಷಿಣ ಆಫ್ರಿಕಾಕ್ಕೆ ವಿಮಾನದಲ್ಲಿ ಸಾಗಿಸುವ ಖರ್ಚೂ ಅದರಲ್ಲಿ ಸೇರಿದೆಯೇ ಎಂದು ನೋಡಿಕೊಳ್ಳಿ.

ಪೆಟ್ಟಿಗೆಯಲ್ಲಿ ಏನಿರಬೇಕು, ಏನಿರಬಾರದು

ಚೌಕಾಕಾರದ ಮೂರು ಕಡ್ಡಿಗಳ ಬ್ರಿಟಿಷ್ ಪ್ಲಗ್ಗಿಗೆ ಹೊಂದುವ ಅಡಾಪ್ಟರ್, ಚಾರ್ಜ್ ಮಾಡುವ ಟಾರ್ಚು, ಜೂನ್–ಜುಲೈ ಚಳಿಗೆ ಒಂದು ಸ್ವೆಟರ್, ನಿಮ್ಮ ನಿತ್ಯದ ಔಷಧಿಗಳು ಮತ್ತು ವೈದ್ಯರ ಚೀಟಿ. ಆಫ್ರಿಕಾ ಎಂದರೆ ಬರೀ ಸೆಕೆ ಎಂದುಕೊಂಡು ಹೋದವರು ಡೆಡ್ಜಾದಂಥ ಎತ್ತರದ ಊರುಗಳಲ್ಲಿ ನಡುಗುತ್ತಾರೆ. ಹಳೆಯ ಬಟ್ಟೆಗಳ ಗಂಟು ಒಯ್ಯಬೇಡಿ. ಪ್ರತಿ ಪೇಟೆಯಲ್ಲೂ ‘ಕೌಂಜಿಕಾ’ ಎಂಬ ಹಳೆ ಬಟ್ಟೆಗಳ ಸಂತೆಯಿದೆ, ಅದನ್ನೇ ನಂಬಿ ಬದುಕುವ ವ್ಯಾಪಾರಿಗಳಿದ್ದಾರೆ. ಇಲ್ಲಿ ಉಳಿದ ಔಷಧಿಗಳನ್ನು ಕೂಡಿಸಿಕೊಂಡು ಹೋಗುವುದಂತೂ ಬೇಡವೇ ಬೇಡ. ಔಷಧಿಗಳ ಆಮದಿಗೆ ಅಲ್ಲಿನ ನಿಯಂತ್ರಣ ಪ್ರಾಧಿಕಾರದ ಅನುಮತಿ ಬೇಕು. ದಾನದ ಔಷಧಿ ತಲುಪುವಾಗ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ.

ಊರೊಳಗೆ ಕಾಲಿಡುವ ಕ್ರಮ

ಹಳ್ಳಿಗೆ ನೇರವಾಗಿ ಹೋಗುವಂತಿಲ್ಲ. ಮೊದಲು ಜಿಲ್ಲಾ ಆಯುಕ್ತರ ಕಚೇರಿ, ಅಲ್ಲಿನ ಜಿಲ್ಲಾ ಕಾರ್ಯಕಾರಿ ಸಮಿತಿಯ ಮುಂದೆ ಕೆಲಸದ ವಿವರ. ನಂತರ ‘ಟ್ರೆಡಿಷನಲ್ ಅಥಾರಿಟಿ’ ಎಂದು ಕರೆಯುವ ಸಾಂಪ್ರದಾಯಿಕ ಮುಖ್ಯಸ್ಥರು. ಅವರ ಕೆಳಗೆ ಹಲವು ಹಳ್ಳಿಗಳ ಹಿರಿಯರು. ಕೊನೆಗೆ ಆ ಹಳ್ಳಿಯ ಯಜಮಾನ. ಇದರ ಜೊತೆಗೆ ಹಳ್ಳಿ ಅಭಿವೃದ್ಧಿ ಸಮಿತಿಗಳೂ ಇವೆ. ಈ ಮೆಟ್ಟಿಲುಗಳಲ್ಲಿ ಒಂದನ್ನು ಹಾರಿದರೂ ಮುಂದೆ ಕೆಲಸ ನಿಲ್ಲುತ್ತದೆ. ತಡವಾಗುತ್ತಿದೆ ಎಂದು ಬೇಸರಪಡಬೇಡಿ. ಈ ವ್ಯವಸ್ಥೆಯೇ ನಿಮ್ಮ ನಂತರವೂ ಉಳಿದು ಕೆಲಸವನ್ನು ಕಾಯುವುದು.

ಮುಖ್ಯಸ್ಥರ ಮನೆಗೆ ಹೋದಾಗ ಟೊಪ್ಪಿಗೆ ತೆಗೆಯಿರಿ, ಕೂರಲು ಹೇಳಿದ ಮೇಲೆ ಕೂತುಕೊಳ್ಳಿ. ಕೈಕುಲುಕುವಾಗ ಎಡಗೈಯಿಂದ ಬಲಗೈಯ ಮೊಣಕೈ ಹಿಡಿಯುವುದು ಗೌರವದ ಗುರುತು. ಹೆಂಗಸರು ಹಿರಿಯರ ಮುಂದೆ ಮಂಡಿ ಬಗ್ಗಿಸುತ್ತಾರೆ. ಹಳ್ಳಿಗಳಲ್ಲಿ ಸ್ತ್ರೀಯರು ಸೊಂಟಕ್ಕೆ ‘ಚಿತೆಂಜೆ’ ಬಟ್ಟೆ ಸುತ್ತಿಕೊಳ್ಳುವುದು ವಾಡಿಕೆ, ಹೊರಗಿನಿಂದ ಬಂದ ಹೆಂಗಸರೂ ಹಾಗೆ ಸುತ್ತಿಕೊಂಡರೆ ಊರವರಿಗೆ ಸಮಾಧಾನ. ‘ಮುಲಿ ಬ್ವಾಂಜಿ’ ಎಂದು ಕ್ಷೇಮ ವಿಚಾರಿಸಿ, ‘ಎನ್‌ಡಿಲಿ ಬ್ವಿನೊ, ಕಾಯಾ ಇನು’ ಎಂಬ ಉತ್ತರ ಪಡೆದು, ಮಳೆ ಬೆಳೆಯ ಮಾತು ಮುಗಿದ ಮೇಲಷ್ಟೇ ಬಂದ ಕೆಲಸದ ಮಾತು. ಗಂಡಸರನ್ನು ‘ಬಾಂಬೊ’, ಹೆಂಗಸರನ್ನು ‘ಅಮಾಯಿ’ ಎಂದು ಕರೆಯಿರಿ. ಊರಿನಲ್ಲಿ ಸಾವಾದರೆ ಆ ದಿನ ಸಭೆಯಿಲ್ಲ, ಕೆಲಸವಿಲ್ಲ. ಎಲ್ಲರೂ ಸಾವಿನ ಮನೆಗೆ ಹೋಗುತ್ತಾರೆ, ನೀವೂ ಹೋಗಬೇಕು. ಎಷ್ಟೋ ತಿಂಗಳ ತರಬೇತಿ ಗಳಿಸದ ನಂಬಿಕೆಯನ್ನು ಆ ಅಂಗಳದಲ್ಲಿ ಸುಮ್ಮನೆ ಕೂತದ್ದು ಗಳಿಸಿಕೊಡುತ್ತದೆ.

ಮಧ್ಯ ಮತ್ತು ದಕ್ಷಿಣ ಭಾಗದಲ್ಲಿ ಚಿಚೆವಾ, ಉತ್ತರದಲ್ಲಿ ತುಂಬುಕಾ ಭಾಷೆ ನಡೆಯುತ್ತದೆ. ಮೊದಲ ಮೂರು ತಿಂಗಳು ಭಾಷೆ ಕಲಿಯುವುದನ್ನೇ ನಿಮ್ಮ ಮುಖ್ಯ ಕೆಲಸ ಮಾಡಿಕೊಳ್ಳಿ. ಇಂಗ್ಲಿಷ್ ಆಡಳಿತ ಭಾಷೆಯಾದರೂ, ಅದರಿಂದ ನಿಮಗೆ ಸಿಗುವುದು ಓದಿದ ಗಂಡಸರ ಅಭಿಪ್ರಾಯ ಮಾತ್ರ. ನೀರು ಹೊರುವವರ ಮಾತು ಚಿಚೆವಾದಲ್ಲಿದೆ.

ಭಾರತೀಯರನ್ನು ಅಲ್ಲಿ ‘ಅಮ್ವೆನ್ಯೆ’ ಎನ್ನುತ್ತಾರೆ. ಬ್ಲಾಂಟೈರ್‌ನ ಲಿಂಬೆ ಪ್ರದೇಶದಲ್ಲಿ ತಲೆಮಾರುಗಳಿಂದ ಅಂಗಡಿ ನಡೆಸಿಕೊಂಡಿರುವ ಗುಜರಾತಿ ಮೂಲದ ಕುಟುಂಬಗಳಿರುವುದರಿಂದ, ನಿಮ್ಮನ್ನೂ ಮೊದಲ ನೋಟಕ್ಕೆ ವ್ಯಾಪಾರಿ ಎಂದೇ ಭಾವಿಸಬಹುದು. ಅದಕ್ಕೆ ನೊಂದುಕೊಳ್ಳದೆ, ಹಳ್ಳಿಯಲ್ಲೇ ಉಳಿದು ಅವರು ಉಣ್ಣುವುದನ್ನೇ ಉಣ್ಣಿ. ಮೆಕ್ಕೆಜೋಳದ ಹಿಟ್ಟಿನ ‘ಎನ್‌ಸಿಮಾ’ ನಮ್ಮ ಮುದ್ದೆಯ ಹಾಗೆ ಕೈಯಲ್ಲೇ ಮುರಿದು ತಿನ್ನುವಂಥದ್ದು. ಜೊತೆಗೆ ಸೊಪ್ಪು, ಹುರುಳಿಕಾಯಿ ಬೀಜ ಅಥವಾ ಸರೋವರದ ಸಣ್ಣ ಮೀನು. ಸಸ್ಯಾಹಾರಿಗಳು ಮೊದಲೇ ನಯವಾಗಿ ಹೇಳಿದರೆ ಕಡಲೆಕಾಯಿ ಪುಡಿ ಹಾಕಿದ ಕುಂಬಳದ ಸೊಪ್ಪಿನ ಪಲ್ಯ ಸಿಗುತ್ತದೆ.

ಕೆಲಸದ ಆಯ್ಕೆ: ಕೈಪಂಪಿನ ಉದಾಹರಣೆ

ಹೊಸ ಕೊಳವೆಬಾವಿ ಕೊರೆಸುವುದು ಎಲ್ಲರಿಗೂ ಇಷ್ಟ; ಫಲಕ ಹಾಕಬಹುದು, ದಾನಿಗಳಿಗೆ ಚಿತ್ರ ಕಳಿಸಬಹುದು. ಕೆಟ್ಟು ನಿಂತ ಪಂಪನ್ನು ರಿಪೇರಿ ಮಾಡಿಸುವುದಕ್ಕೆ ಯಾರೂ ಫಲಕ ಹಾಕುವುದಿಲ್ಲ. ಆದರೆ ನೀವು ಹೋಗುವ ಹಳ್ಳಿಯಲ್ಲಿ ಬೇಕಾಗಿರುವುದು ಬಹುಶಃ ಎರಡನೆಯದೇ.

ಮಲಾವಿಯಲ್ಲಿ ಹೆಚ್ಚು ಬಳಕೆಯಲ್ಲಿರುವ ಕೈಪಂಪು ಅಫ್ರಿದೇವ್. ಕೀನ್ಯಾ ಮತ್ತು ಮಲಾವಿಗಳಲ್ಲಿ 1980ರ ದಶಕದಲ್ಲಿ ರೂಪುಗೊಂಡ ಇದರ ಉದ್ದೇಶವೇ ಹಳ್ಳಿಯವರು ತಾವೇ ಬಿಚ್ಚಿ ಜೋಡಿಸುವಂತಿರಬೇಕು ಎಂಬುದು. ನಮ್ಮೂರುಗಳಲ್ಲಿ ಕಾಣುವ ಇಂಡಿಯಾ ಮಾರ್ಕ್ 2 ಪಂಪಿಗೂ ಮಿಷನರಿಗಳಿಗೂ ಸಂಬಂಧವಿದೆ: ಮಹಾರಾಷ್ಟ್ರದ ಜಾಲ್ನಾ ಮತ್ತು ಸೊಲ್ಲಾಪುರದ ಮಿಷನ್‌ಗಳಲ್ಲಿ ಬರಗಾಲದ ವರ್ಷಗಳಲ್ಲಿ ತಯಾರಾದ ಪಂಪುಗಳೇ 1970ರ ದಶಕದಲ್ಲಿ ಯೂನಿಸೆಫ್ ನೆರವಿನಿಂದ ಸುಧಾರಣೆಗೊಂಡು ಆ ರೂಪ ಪಡೆದವು. ಮಾರ್ಕ್ 2 ಬಿಚ್ಚಿ ಗೊತ್ತಿದ್ದವರಿಗೆ ಅಫ್ರಿದೇವ್ ಕಷ್ಟವಲ್ಲ, ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಮಾರ್ಕ್ 2ರಲ್ಲಿ ಬಾವಿಯೊಳಗಿನ ಸಿಲಿಂಡರ್ ಮುಟ್ಟಬೇಕಾದರೆ ಕಬ್ಬಿಣದ ಪೈಪುಗಳನ್ನೆಲ್ಲ ಮೇಲೆತ್ತಬೇಕು, ಅದಕ್ಕೆ ತಂಡವೂ ಸಲಕರಣೆಯೂ ಬೇಕು. ಅಫ್ರಿದೇವ್‌ನಲ್ಲಿ ಪ್ಲಾಸ್ಟಿಕ್ ಪೈಪು ಬಾವಿಯೊಳಗೇ ಉಳಿಯುತ್ತದೆ. ರಾಡುಗಳನ್ನು ಎಳೆದರೆ, ನೀರನ್ನು ಮೇಲೆತ್ತುವ ಭಾಗವಾದ ಪ್ಲಂಜರ್ ತಾನಾಗಿ ಮೇಲೆ ಬರುತ್ತದೆ.

ರಿಪೇರಿಗೆ ಮೊದಲು ಪರೀಕ್ಷೆ. ಅರ್ಧ ಗಂಟೆ ಯಾರೂ ಪಂಪು ಮುಟ್ಟದಂತೆ ಬಿಟ್ಟು, ಆಮೇಲೆ ಹಿಡಿ ಒತ್ತಿ. ಐದಾರು ಸಲ ಒತ್ತಿದರೂ ನೀರು ಬಾರದಿದ್ದರೆ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ತಳದ ಫುಟ್ ವಾಲ್ವ್ ಸೋರುತ್ತಿದೆ. ನೀರು ಬೇಗ ಬಂದರೂ ಬಕೆಟ್ ತುಂಬಲು ಬಹಳ ಹೊತ್ತು ಹಿಡಿದರೆ ಪ್ಲಂಜರಿನ ಸುತ್ತಲಿನ ಯು ಸೀಲ್ ಎಂಬ ರಬ್ಬರ್ ಬಳೆ ಸವೆದಿರಬಹುದು. ಇನ್ನು ಬಿಚ್ಚುವ ಕ್ರಮ: ಸ್ಪ್ಯಾನರಿನಿಂದ ತಲೆಯ ಮುಚ್ಚಳದ ಬೋಲ್ಟ್ ಸಡಿಲಿಸಿ ಮುಚ್ಚಳ ತೆಗೆಯಬೇಕು, ಹಿಡಿಯನ್ನು ಕಳಚಬೇಕು, ಕೊಕ್ಕೆಯಿಂದ ಒಂದಕ್ಕೊಂದು ಸಿಕ್ಕಿಸಿರುವ ರಾಡುಗಳನ್ನು ಒಂದೊಂದಾಗಿ ಮೇಲೆತ್ತಿ ಬಿಡಿಸಬೇಕು. ಬಿಡಿಸಿದ ರಾಡನ್ನು ನೆಲದ ಮೇಲೆ ಹಾಕಿದರೆ ದನ ಕೋಳಿ ಓಡಾಡುವ ಮಣ್ಣು ಬಾವಿಗೆ ಇಳಿಯುತ್ತದೆ. ಅದಕ್ಕೇ ಕವಲೊಡೆದ ಕಡ್ಡಿಗಳನ್ನು ನೆಟ್ಟು ಅವುಗಳ ಮೇಲೆ ಜೋಡಿಸಿಡಬೇಕು. ಕೊನೆಯ ರಾಡಿನ ತುದಿಗೆ ಬರುವ ಪ್ಲಂಜರಿನಲ್ಲಿ ಕಪ್ಪು ರಬ್ಬರಿನ ಯು ಸೀಲ್ ಕಾಣುತ್ತದೆ. ಅಂಚು ತೆಳುವಾಗಿ ನಯವಾಗಿದ್ದರೆ ಬದಲಿಸಿ. ಇಡೀ ಹಳ್ಳಿಯನ್ನು ಮತ್ತೆ ಹಳ್ಳದ ನೀರಿಗೆ ಅಟ್ಟಿದ್ದು ಎಷ್ಟೋ ಸಲ ಇಷ್ಟು ಸಣ್ಣ ರಬ್ಬರಿನ ಚೂರು.

ಈ ಕೆಲಸದಲ್ಲಿ ನಿಮ್ಮ ಕೈ ಸ್ಪ್ಯಾನರ್ ಹಿಡಿಯಬಾರದು. ಪ್ರತಿ ನೀರಿನ ಕಟ್ಟೆಗೂ ಒಂದು ಸಮಿತಿಯಿರುತ್ತದೆ, ಅದರಲ್ಲಿ ಹೆಂಗಸರೇ ಹೆಚ್ಚು. ಕೆಲವು ಹಳ್ಳಿಗಳಿಗೆ ಸೇರಿ ತರಬೇತಾದ ‘ಏರಿಯಾ ಮೆಕ್ಯಾನಿಕ್’ ಒಬ್ಬರಿರುತ್ತಾರೆ. ಅವರನ್ನು ಕರೆಸಿ, ಅವರ ಕೂಲಿಯನ್ನು ಸಮಿತಿಯೇ ಕೊಡುವಂತೆ ಮಾಡಿ. ಮನೆಗಳಿಂದ ಎತ್ತುವ ಸಣ್ಣ ವಂತಿಗೆ ಯಾರ ಬಳಿ ಇರುತ್ತದೆ, ಲೆಕ್ಕ ಯಾರು ಬರೆಯುತ್ತಾರೆ, ಹೊಸ ಸೀಲ್ ಯಾವ ಪೇಟೆಯ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂಬುದನ್ನು ಅವರ ಬಾಯಿಂದಲೇ ಕೇಳಿ ತಿಳಿಯಿರಿ. ಬಿಡಿಭಾಗಗಳನ್ನು ಬೆಂಗಳೂರಿನಿಂದ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗಿ ಪುಕ್ಕಟೆ ಹಂಚಿದರೆ, ಆ ಅಂಗಡಿಯವನು ಸೀಲ್ ತರಿಸುವುದನ್ನು ನಿಲ್ಲಿಸುತ್ತಾನೆ. ಆಮೇಲೆ ಹಳ್ಳಿಗೆ ನೀವೂ ಇಲ್ಲ, ಅಂಗಡಿಯೂ ಇಲ್ಲ.

ಹೊಸ ಕಟ್ಟೆ ನಿಜಕ್ಕೂ ಬೇಕೇ ಎಂದು ತೂಗಲು, ತುರ್ತು ನೆರವಿನ ಸ್ಫಿಯರ್ ಮಾನದಂಡಗಳು ನೆರವಾಗುತ್ತವೆ: ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ಒಂದು ಕೈಪಂಪಿಗೆ ಹೆಚ್ಚೆಂದರೆ 500 ಜನ, ಮನೆಯಿಂದ 500 ಮೀಟರಿನೊಳಗೆ ನೀರು, ಸಾಲಿನಲ್ಲಿ ಕಾಯುವುದು ಅರ್ಧ ಗಂಟೆ ಮೀರಬಾರದು.

ಕಾಲರಾ ಮತ್ತು ನೆರೆಯ ದಿನಗಳಲ್ಲಿ

2022ರ ಮಾರ್ಚ್‌ನಲ್ಲಿ ಮಚಿಂಗಾದಲ್ಲಿ ಕಾಣಿಸಿಕೊಂಡ ಕಾಲರಾ ದೇಶದ ಚರಿತ್ರೆಯಲ್ಲೇ ಅತಿ ಭೀಕರವಾಗಿ 1,700ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅದು ಇಳಿಯುವ ಮೊದಲೇ 2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ ದಕ್ಷಿಣದ ಜಿಲ್ಲೆಗಳನ್ನು ತೊಳೆದುಹಾಕಿತು. ಬ್ಲಾಂಟೈರ್‌ನ ಗುಡ್ಡದ ಇಳಿಜಾರಿನ ಮನೆಗಳು ಕೆಸರಿನಡಿ ಹೋದವು. ಅಂಥ ಹೊತ್ತಿನಲ್ಲಿ ಸ್ವತಂತ್ರವಾಗಿ ಓಡಾಡದೆ ಜಿಲ್ಲಾ ಕಚೇರಿಯ ಸಮನ್ವಯ ಸಭೆಗೆ ಹೋಗಿ, ಅವರು ತೋರಿಸಿದ ಜಾಗದಲ್ಲಿ ದುಡಿಯಿರಿ. ಹಳ್ಳಿ ಮಟ್ಟದಲ್ಲಿ ಸರ್ಕಾರದ ಆರೋಗ್ಯ ಕಾರ್ಯಕರ್ತರು ಮನೆ ಮನೆ ತಿರುಗುತ್ತಾರೆ. ಕ್ಲೋರಿನ್ ಹಂಚುವುದು, ಓಆರ್‌ಎಸ್ ತಯಾರಿಸುವುದನ್ನು ಕಲಿಸುವುದು ಅವರ ಕೈಯಿಂದಲೇ ಆಗಲಿ, ನೀವು ಅವರ ಬಕೆಟ್ ಹೊರಿರಿ. ಪ್ಯಾಕೆಟ್ ಸಿಗದಿದ್ದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಹಾ ಚಮಚದ ಅಳತೆಯಲ್ಲಿ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ.

ಅನುಮಾನ, ಭತ್ಯೆ, ಚಿತ್ರ

2017ರಲ್ಲಿ ದಕ್ಷಿಣದ ಮುಲಾಂಜೆ ಮತ್ತು ಫಲೊಂಬೆ ಕಡೆ ರಕ್ತ ಹೀರುವವರು ತಿರುಗುತ್ತಿದ್ದಾರೆಂಬ ವದಂತಿ ಹಬ್ಬಿ, ಗುಂಪುಗಳು ಅಮಾಯಕರನ್ನು ಕೊಂದವು. ವಿಶ್ವಸಂಸ್ಥೆ ತನ್ನ ಸಿಬ್ಬಂದಿಯನ್ನು ಅಲ್ಲಿಂದ ಹೊರಗೆ ಕರೆಸಿಕೊಂಡಿತು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಬೇಡಿ. ಹೊರಗಿನವರು ಬಂದು ಏನೋ ತೆಗೆದುಕೊಂಡು ಹೋಗುತ್ತಾರೆಂಬ ಹಳೆಯ ಭಯ ಅದರಲ್ಲಿದೆ. ಕತ್ತಲಾದ ಮೇಲೆ ಗುರುತಿಲ್ಲದ ವಾಹನದಲ್ಲಿ ಹಳ್ಳಿಗೆ ಹೋಗಬೇಡಿ; ರಕ್ತದ ಮಾದರಿ ತೆಗೆಯುವುದಿದ್ದರೆ ಯಾಕೆ, ಎಷ್ಟು, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಯಜಮಾನರ ಮುಂದೆ ತೆರೆದ ಸಭೆಯಲ್ಲಿ ಹೇಳಿಸಿ. ಮಕ್ಕಳ ಚಿತ್ರ ತೆಗೆಯುವ ಮೊದಲು ತಾಯ್ತಂದೆಯರ ಒಪ್ಪಿಗೆ ಬೇಕು. ಅಳುವ ಮಗು, ಬೆತ್ತಲೆ ಮಗು, ರೋಗಿಯ ಚಿತ್ರ ಬೇಡವೇ ಬೇಡ. ಅನಾಥಾಲಯದಲ್ಲಿ ಕೆಲವು ವಾರ ಮಕ್ಕಳೊಂದಿಗೆ ಆಡಿ ಬರುವ ಸೇವೆಯನ್ನೂ ಬಿಡಿ. ಹಚ್ಚಿಕೊಂಡವರು ಸಾಲುಸಾಲಾಗಿ ಬಿಟ್ಟುಹೋಗುವುದು ಆ ಮಕ್ಕಳಿಗೆ ಹೊಸ ನೋವು.

ಸಭೆಗೆ ಬಂದವರು ಭತ್ಯೆ ಕೇಳುವುದು ಅಲ್ಲಿ ಬೇರೂರಿದ ರೂಢಿ, ಅದನ್ನು ಬೆಳೆಸಿದವರು ನೆರವು ಸಂಸ್ಥೆಗಳೇ. ಒಬ್ಬೊಬ್ಬರ ಜೊತೆ ಚೌಕಾಶಿ ಮಾಡದೆ, ಪಾಲುದಾರ ಸಂಸ್ಥೆ ಗೊತ್ತುಮಾಡಿದ ದರವನ್ನು ಮೊದಲೇ ತಿಳಿಸಿ ಎಲ್ಲರಿಗೂ ಒಂದೇ ನಿಯಮ ಅನುಸರಿಸಿ. ದೂರದಿಂದ ನಡೆದು ಬಂದವರಿಗೆ ಊಟ ಹಾಕುವುದು ಯಾವ ನಿಯಮಕ್ಕೂ ವಿರುದ್ಧವಲ್ಲ.

ಮರಳುವ ಮುನ್ನ ಮತ್ತು ನಂತರ

ಹೊರಡುವುದಕ್ಕೆ ಆರು ತಿಂಗಳಿರುವಾಗಲೇ ಕೆಲಸದಿಂದ ಒಂದೊಂದಾಗಿ ಕೈ ತೆಗೆಯಿರಿ. ಮೊದಲ ತಿಂಗಳು ಸಭೆಗಳನ್ನು ಜೊತೆಗಾರರೇ ನಡೆಸಲಿ, ನೀವು ಹಿಂದೆ ಕೂತುಕೊಳ್ಳಿ. ನಂತರ ಲೆಕ್ಕಪತ್ರ, ಆಮೇಲೆ ಜಿಲ್ಲಾ ಕಚೇರಿಯ ಓಡಾಟ. ಕೊನೆಯ ತಿಂಗಳಲ್ಲಿ ಹತ್ತು ದಿನ ಊರು ಬಿಟ್ಟು ದೂರವಿದ್ದು ಬನ್ನಿ. ಆ ಹತ್ತು ದಿನ ನಿಂತುಹೋದ ಕೆಲಸಗಳ ಪಟ್ಟಿಯೇ ನಿಮ್ಮ ಕೊನೆಯ ವಾರಗಳ ಪಾಠಪಟ್ಟಿ. ವರದಿಯ ಒಂದು ಪ್ರತಿ ಚಿಚೆವಾದಲ್ಲಿ ಹಳ್ಳಿ ಸಮಿತಿಗೂ ಸಿಗಬೇಕು, ಅದನ್ನು ತೆರೆದ ಸಭೆಯಲ್ಲಿ ಓದಿಸಬೇಕು.

ಮರಳಿದ ಮೇಲೆ, ಮುಂದಿನ ಹಲವು ತಿಂಗಳುಗಳಲ್ಲಿ ಜ್ವರ ಬಂದರೆ ಎಲ್ಲಿಂದ ಬಂದಿರಿ ಎಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ. ಬಿಲ್ಹಾರ್ಜಿಯಾ ಪರೀಕ್ಷೆ ಬೇಕೇ ಎಂದೂ ಕೇಳಿ. ಮುಂಜಾಗ್ರತೆಯ ಮಾತ್ರೆಗಳನ್ನು ವೈದ್ಯರು ಹೇಳಿದಷ್ಟು ದಿನ ಇಲ್ಲಿಗೆ ಬಂದ ಮೇಲೂ ಮುಂದುವರಿಸಬೇಕು.

ಅಲ್ಲಿನ ಪರಿಚಿತರಿಂದ ವಾಟ್ಸಾಪ್‌ನಲ್ಲಿ ಹಣದ ಕೋರಿಕೆಗಳು ಬರುತ್ತವೆ: ಶಾಲಾ ಶುಲ್ಕ, ಆಸ್ಪತ್ರೆ ಖರ್ಚು, ಗೊಬ್ಬರ. ಅವುಗಳಲ್ಲಿ ಬಹುಪಾಲು ನಿಜವಾದ ಕಷ್ಟಗಳೇ. ಆದರೂ ಒಬ್ಬೊಬ್ಬರಿಗೆ ನೇರವಾಗಿ ಕಳಿಸುತ್ತ ಹೋದರೆ ಊರಿನಲ್ಲಿ ನಿಮ್ಮ ಸಂಖ್ಯೆ ಇರುವವರು, ಇಲ್ಲದವರು ಎಂಬ ಎರಡು ಗುಂಪುಗಳಾಗುತ್ತವೆ. ಕೊಡುವ ಮನಸ್ಸಿದ್ದರೆ ವರ್ಷಕ್ಕೊಂದು ಮೊತ್ತ ಗೊತ್ತುಮಾಡಿ ಪಾಲುದಾರ ಸಂಸ್ಥೆಯ ಮೂಲಕ ಕಳಿಸಿ, ಯಾರಿಗೆ ಎಂಬುದನ್ನು ಊರಿನ ಸಮಿತಿಯೇ ತೀರ್ಮಾನಿಸಲಿ. ಹೀಗೆ ಮಾಡುವುದಾಗಿ ಹೊರಡುವ ಮುನ್ನವೇ ಎಲ್ಲರಿಗೂ ತಿಳಿಸಿದ್ದರೆ, ಕೋರಿಕೆ ಬಂದಾಗ ‘ಸಮಿತಿಯವರನ್ನು ಕೇಳಿ’ ಎಂದು ಬರೆಯುವುದು ಯಾರಿಗೂ ಅವಮಾನವೆನಿಸುವುದಿಲ್ಲ.